ಬಾಯಿಯ ಗಂಟಿಗೆ ಕಣ್ಣಂದಾಜು ಸಾಲದು

ಮಣ್ಣು ಪರೀಕ್ಷೆಗೆ ಕಳಿಸುವಾಗ ನಾವು ಮೇಲಿನ ತರಗೆಲೆಯನ್ನು ಕೆರೆದು ಚೀಲಕ್ಕೆ ತುಂಬುವುದಿಲ್ಲ; ಕಸ ಸರಿಸಿ, 9 ಅಂಗುಲ ಆಳದವರೆಗೆ ಅಗೆದು ಮಣ್ಣು ತೆಗೆಯುತ್ತೇವೆ. ತೋಟದ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು ಬಾಯಿಯಲ್ಲಿ ಗಂಟೊಂದು ಎದ್ದರೆ ಮಾತ್ರ "ಉಷ್ಣ" ಎಂದು ಸುಮ್ಮನಾಗುತ್ತೇವೆ. ಕವಳ ಹಾಕುವವರಾದರೆ "ಕ್ಯಾನ್ಸರೇ ಸರಿ" ಎಂದು ಹೆದರಿ ಮುಚ್ಚಿಡುತ್ತೇವೆ. ಎರಡೂ ತಪ್ಪೆಂದು ನಮ್ಮ ಅಭಿಪ್ರಾಯ.

ಬಾಯಿಯ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕರ: ಕೆನ್ನೆ ಪದೇ ಪದೇ ಹಲ್ಲಿಗೆ ಸಿಕ್ಕಿ ಬೆಳೆದದ್ದು, ಕೆಳತುಟಿಯ ಜೊಲ್ಲಿನ ಗುಳ್ಳೆ, ಇಂಥವು. ಆದರೆ ಅಪರೂಪದ ಕೆಲವು ಗಡ್ಡೆಗಳು ನೋಡಿದವರನ್ನು ಮೋಸಗೊಳಿಸುತ್ತವೆ. ಅಂಗುಳಿನ ಸಣ್ಣ ಜೊಲ್ಲುಗ್ರಂಥಿಗಳಿಂದ ಏಳುವ ಗಡ್ಡೆ ವರ್ಷಗಟ್ಟಲೆ ನೋವಿಲ್ಲದೆ ಬೆಳೆಯಬಹುದು. ಅದು ಸೌಮ್ಯವೂ ಇರಬಹುದು, ಕ್ಯಾನ್ಸರೂ ಇರಬಹುದು. ನೋವಿಲ್ಲವೆಂಬುದು ಭರವಸೆಯಲ್ಲ. ಸೌಮ್ಯವಾದದ್ದನ್ನು ಕೂಡ ಸುತ್ತಲಿನ ಅಂಚು ಸಹಿತ ಪೂರ್ತಿ ತೆಗೆಯದಿದ್ದರೆ ಮತ್ತೆ ಚಿಗುರುತ್ತದೆ.

1926ರಲ್ಲಿ ಮಾಸ್ಕೋದ ಅಬ್ರಿಕೊಸೊಫ್ ಎಂಬ ವೈದ್ಯರು ವಿವರಿಸಿದ ಗ್ರಾನ್ಯುಲರ್ ಸೆಲ್ ಟ್ಯೂಮರ್ ಇದಕ್ಕೆ ತಿರುಗುಮುರುಗು. ಇದು ಹೆಚ್ಚಾಗಿ ನಾಲಿಗೆಯಲ್ಲಿ ಕಾಣುತ್ತದೆ, ಬಹುಪಾಲು ಸೌಮ್ಯ. ಆದರೆ ಅದರ ಮೇಲಿನ ಪೊರೆ ಕೆಲವೊಮ್ಮೆ ಸೂಕ್ಷ್ಮದರ್ಶಕದಲ್ಲೂ ಕ್ಯಾನ್ಸರಿನಂತೆಯೇ ಕಾಣುತ್ತದೆ. ಮೇಲುಮೇಲಿನ ಚೂರನ್ನಷ್ಟೇ ಕಳಿಸಿದರೆ, ಸಣ್ಣ ಶಸ್ತ್ರಕ್ರಿಯೆಯಲ್ಲಿ ಮುಗಿಯಬೇಕಾದದ್ದು ನಾಲಿಗೆಯ ದೊಡ್ಡ ಭಾಗವನ್ನೇ ಬಲಿ ಪಡೆದೀತು. ಇಲ್ಲಿಯೂ ಮಣ್ಣಿನ ನ್ಯಾಯವೇ: ಆಳದಿಂದ ತೆಗೆದ ಚೂರು ಬೇಕು.

ಚೂರು ತೆಗೆದು ಪರೀಕ್ಷಿಸುವ ಈ ಬಯಾಪ್ಸಿಯಿಂದ ರೋಗ ಹರಡುತ್ತದೆಂಬ ಹೆದರಿಕೆ ನಮ್ಮಲ್ಲಿದೆ. ಅದಕ್ಕೆ ಆಧಾರವಿಲ್ಲ. ಆದರೆ ಒತ್ತಿದರೆ ಬಿಳಿಚುವ, ನೀಲಿ ಅಥವಾ ಕೆಂಪು ಗಂಟು ರಕ್ತನಾಳದ್ದಿರಬಹುದು. ಅದನ್ನು ಕಂಡಲ್ಲಿ ಕೊಯ್ಯಿಸಬಾರದು. ಸುಣ್ಣ ಹಚ್ಚುವುದು, ದಾರ ಕಟ್ಟುವುದು ಯಾವುದಕ್ಕೂ ಸಲ್ಲದು.

ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ತಂಬಾಕಿಲ್ಲದ ಕವಳವನ್ನೂ ಅದೇ ಸಾಲಿಗೆ ಸೇರಿಸಿತು. ಬೆಳೆಗಾರರಾದ ನಮಗೆ ಇದು ಕಹಿ ಮಾತು. ಆದರೆ ಬೆಲೆಯ ವಾದ ಬೇರೆ, ಬಾಯಿಯ ಆರೋಗ್ಯ ಬೇರೆ. ಮೊದಲನೆಯದಕ್ಕಾಗಿ ಎರಡನೆಯದರ ಬಗ್ಗೆ ಮೌನ ವಹಿಸುವುದು ಸರಿಯಲ್ಲ.

ಎರಡು ವಾರದಲ್ಲಿ ಮಾಯದ ಹುಣ್ಣು, ಇಳಿಯದ ಗಂಟು, ಬಿಳಿ ಅಥವಾ ಕೆಂಪು ಮಚ್ಚೆ, ದಿನೇ ದಿನೇ ಕಿರಿದಾಗುವ ಬಾಯಿ ಕಂಡರೆ ದಂತವೈದ್ಯರಿಗೆ ತೋರಿಸಬೇಕು. ಮಂಗಳೂರು, ಮಣಿಪಾಲ, ದಾವಣಗೆರೆಗಳಲ್ಲಿ ದಂತವೈದ್ಯ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ನಮ್ಮ ಸಂಘವೂ ಮಹಾಸಭೆಯ ದಿನ ಬಾಯಿ ತಪಾಸಣೆ ಏರ್ಪಡಿಸಲಿ. ಸದಸ್ಯರ ಜೊತೆಗೆ ತೋಟದ ಕೆಲಸಗಾರರೂ ಅದರಲ್ಲಿ ಸೇರಲಿ. ಕವಳದ ಚೀಲ ಅವರ ಸೊಂಟದಲ್ಲೂ ಇದೆ.