ಸುಂಕದ ಕಟ್ಟೆಯ ದಿವ್ಯದೃಷ್ಟಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬುದು ನಮ್ಮ ಹಿರಿಯರ ಮಾತು. ಇಂದಿನ ಸುಂಕದವನ ಮುಂದಾದರೋ ಬಾಯಿ ತೆರೆಯುವ ಪ್ರಮೇಯವೇ ಇಲ್ಲ. ಬಂದರಿಗೆ ಬಂದಿಳಿದ ಉಕ್ಕಿನ ಕಂಟೇನರಿನ ಬೀಗ ಮುಟ್ಟದೆಯೇ ಅದರೊಳಗಿನ ಸರಕನ್ನು ಕಾಣುವ ಯಂತ್ರ ಅವನ ಬಳಿ ಇದೆ. ವೈದ್ಯರು ಎದೆಯ ಚಿತ್ರ ತೆಗೆಯುವ ಕ್ಷ-ಕಿರಣವೇ ಇದು. ಆದರೆ ಉಕ್ಕನ್ನೂ ಭೇದಿಸಿ ಹೋಗುವಷ್ಟು ಪ್ರಬಲವಾದುದು. ಆಚೆಯ ಬದಿಯಲ್ಲಿ ಕಿರಣವನ್ನು ಹಿಡಿದು ಪರದೆಯ ಮೇಲೆ ನೆರಳುಚಿತ್ರ ಮೂಡಿಸುತ್ತಾರೆ. ಕಾಗದದಲ್ಲಿ ಬಟ್ಟೆಯೆಂದು ಬರೆದಿದ್ದು ಚಿತ್ರದಲ್ಲಿ ಬಂದೂಕು ಕಂಡರೆ ಅಧಿಕಾರಿ ಬೀಗ ತೆಗೆಸುತ್ತಾನೆ. ಕೈಯಿಂದ ಇಳಿಸಿ ಪರೀಕ್ಷಿಸಲು ಗಂಟೆಗಳು ಬೇಕಾದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ಇಂಥ ಯಂತ್ರ ಯಾರಿಗೆ ಬೇಡ? ಬೆಲೆ ಮಾತ್ರ ಬಡ ದೇಶಗಳ ಕೈಗೆ ಎಟುಕುವಂಥದಲ್ಲ. ಆಗ ಬರುವುದೇ ಪರರಾಜ್ಯದ ಸಾಲ.

ಆಫ್ರಿಕದ ನೈಋತ್ಯ ಕರಾವಳಿಯ ನಮೀಬಿಯದ ಕಥೆಯನ್ನು ಕೇಳಿ. 1990ರಲ್ಲಿ ಸ್ವತಂತ್ರವಾದ ಈ ದೇಶದ ಹಣಕಾಸಿನ ಸಚಿವಾಲಯವು 2008ರಲ್ಲಿ ನಕ್‌ಟೆಕ್ ಎಂಬ ಚೀನೀ ಕಂಪನಿಯಿಂದ ಇಂಥ 13 ಯಂತ್ರಗಳನ್ನು 5 ಕೋಟಿ 53 ಲಕ್ಷ ಅಮೆರಿಕನ್ ಡಾಲರಿಗೆ ಕೊಳ್ಳಲು ಒಪ್ಪಿತು. 1 ಕೋಟಿ 28 ಲಕ್ಷ ಡಾಲರನ್ನು ತಾನೇ ಮುಂಗಡವಾಗಿ ಕೊಟ್ಟಿತು. ಉಳಿದುದಕ್ಕೆ ಚೀನಾ ಸರ್ಕಾರದ ಕಡಿಮೆ ಬಡ್ಡಿಯ ಸಾಲ. ಸಾಲ ಕೊಡುವವರ ದೇಶದವನೇ ಮಾರುವವನು. ಬೇರೆಯವರನ್ನು ಬೆಲೆ ಕೇಳುವ ಟೆಂಡರು ನಡೆಯಲಿಲ್ಲ. ಪೇಟೆಯಲ್ಲಿ ಒಬ್ಬ ಅಂಗಡಿಯವನು ಹಣವನ್ನೂ ತಾನೇ ಕೊಟ್ಟು ಸಾಮಾನನ್ನೂ ತಾನೇ ಕಟ್ಟಿಕೊಟ್ಟರೆ, ನಮ್ಮ ಮನೆಯ ಹೆಂಗಸರು ಎದುರಂಗಡಿಯ ದರ ವಿಚಾರಿಸದೆ ಚೀಲ ಎತ್ತುವುದಿಲ್ಲ. ಮಂತ್ರಾಲಯಗಳಿಗೆ ಆ ಜಾಗರೂಕತೆ ಏಕೋ ಬಾರದು.

2009ರ ಜುಲೈಯಲ್ಲಿ ಕಂಪನಿಯ ಪ್ರತಿನಿಧಿಯೊಬ್ಬನೂ ಇಬ್ಬರು ಸ್ಥಳೀಯರೂ ಬಂಧನಕ್ಕೊಳಗಾದರು. ಮುಂಗಡದ ಹಣದಲ್ಲಿ ಒಂದು ಪಾಲು ದಲಾಲಿಯ ಹೆಸರಿನಲ್ಲಿ ಹಿಂದಿರುಗಿ ಇವರ ಕೈ ಸೇರಿತೆಂದೂ, ಆ ದಲಾಲಿಗಾಗಿ ಯಂತ್ರದ ಬೆಲೆಯನ್ನೇ ಏರಿಸಲಾಗಿತ್ತೆಂದೂ ತನಿಖೆಯವರ ಆರೋಪ. ಆರೋಪಿತರು ಒಪ್ಪಲಿಲ್ಲ; ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಈ ಕಂಪನಿಯ ಮುಖ್ಯಸ್ಥರಾಗಿ 2008ರವರೆಗೆ ಇದ್ದವರು ಆಗಿನ ಚೀನಾ ಅಧ್ಯಕ್ಷ ಹು ಜಿಂಟಾವೊ ಅವರ ಪುತ್ರ. ಅವರ ಮೇಲೆ ಆರೋಪವೇನೂ ಇರಲಿಲ್ಲವೆಂಬುದನ್ನು ಹೇಳಲೇಬೇಕು. ಆದರೂ ಚೀನಾದಲ್ಲಿ ಆ ಸುದ್ದಿಯನ್ನು ಅಂತರಜಾಲದಲ್ಲಿ ಹುಡುಕುವುದಕ್ಕೇ ತಡೆ ಬಿದ್ದಿತು!

ಇನ್ನೊಂದು ವಿಚಿತ್ರವುಂಟು. ಅದೇ ವೇಳೆಗೆ ಯೂರೋಪಿನವರು ಇದೇ ಕಂಪನಿಯ ಮೇಲೆ ತದ್ವಿರುದ್ಧವಾದ ದೂರು ಹೊತ್ತಿದ್ದರು: ಇವರು ಯಂತ್ರಗಳನ್ನು ತೀರ ಅಗ್ಗವಾಗಿ ಸುರಿಯುತ್ತಿದ್ದಾರೆ, ನಮ್ಮ ಕಾರ್ಖಾನೆಗಳು ಉಳಿಯುವುದಿಲ್ಲ ಎಂದು. 2010ರಲ್ಲಿ ಅದಕ್ಕಾಗಿ ವಿಶೇಷ ಸುಂಕವನ್ನೇ ವಿಧಿಸಿದರು. ಸುಂಕದ ಯಂತ್ರಕ್ಕೇ ಸುಂಕ! ಚೀನಾ ಯೂರೋಪಿನ ಯಂತ್ರಗಳ ಮೇಲೆ ತಾನೂ ಸುಂಕ ಹಾಕಿತು; ಆಗ ಯೂರೋಪು ವಿಶ್ವ ವಾಣಿಜ್ಯ ಸಂಸ್ಥೆಯ ಮೊರೆಹೊಕ್ಕಿತು. 2013ರ ತೀರ್ಪಿನಲ್ಲಿ ಚೀನಾದ ಕ್ರಮದಲ್ಲಿ ಕೆಲವು ದೋಷಗಳು ಕಂಡುಬಂದವು, ಮರುವರ್ಷ ಚೀನಾದ ಆ ಸುಂಕ ರದ್ದಾಯಿತು.

ಯೂರೋಪಿನಲ್ಲಿ ಎದುರಂಗಡಿಗಳಿದ್ದವು, ಅವು ಕೂಗಾಡಿದ್ದರಿಂದ ಬೆಲೆಯ ಲೆಕ್ಕ ಹೊರಗೆ ಬಂದಿತು. ವಿಂಡ್‌ಹೋಕಿನಲ್ಲಿ ಲೆಕ್ಕ ಹೊರಬೀಳಲು ತನಿಖೆಯವರೇ ಬರಬೇಕಾಯಿತು.