ಲೀಗಿನ ದಿನಾಂಕ, ಆಟಗಾರರ ವೇತನ ಹಾಗೂ ಕ್ಲಬ್ಬಿನ ಭವಿಷ್ಯವನ್ನು ಕುರಿತ ಮನವಿ ಪತ್ರ

ಹಲಸೂರು, ಬೆಂಗಳೂರು
10 ಡಿಸೆಂಬರ್ 2025

ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮಾನ್ಯ ಅಧ್ಯಕ್ಷರು ಹಾಗೂ ಕಾರ್ಯಕಾರಿ ಸಮಿತಿಯ ಸದಸ್ಯರ ಸನ್ನಿಧಿಗೆ,
ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ, ಅಶೋಕನಗರ, ಬೆಂಗಳೂರು

ವಿಷಯ: ಇಂಡಿಯನ್ ಸೂಪರ್ ಲೀಗ್ ಸ್ಥಗಿತಗೊಂಡಿರುವುದು, ಆಟಗಾರರ ಮತ್ತು ಸಿಬ್ಬಂದಿಯ ವೇತನಕ್ಕೆ ಭದ್ರತೆ, ಹಾಗೂ ಇತರ ಕೆಲವು ಕೋರಿಕೆಗಳು.

ಮಾನ್ಯರೆ,

ಹಲಸೂರು, ಗೌತಮಪುರ, ಮರ್ಫಿ ಟೌನ್ ಮತ್ತು ಜೋಗುಪಾಳ್ಯದ ನಿವಾಸಿಗಳೂ, ಬೆಂಗಳೂರು ಎಫ್‌ಸಿ ಕ್ಲಬ್ಬು ಹುಟ್ಟಿದ 2013ನೆಯ ಇಸವಿಯಿಂದ ಅದರ ಆಟವನ್ನು ನೋಡುತ್ತ ಬಂದವರೂ ಆಗಿ, ಕೆಳಗೆ ರುಜು ಮಾಡಿರುವ ನಾವು ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ: ದೇಶದ ಅತ್ಯುನ್ನತ ಲೀಗಿಗೆ ಆಧಾರವಾಗಿದ್ದ ಒಪ್ಪಂದವು ಮೊನ್ನೆ, ಡಿಸೆಂಬರ್ 8ರಂದು, ಅವಧಿ ತುಂಬಿ ಕೊನೆಗೊಂಡಿತು, ಅದರ ಸ್ಥಾನದಲ್ಲಿ ಇನ್ನೊಂದು ಒಪ್ಪಂದವು ಏರ್ಪಡಲಿಲ್ಲ, ಲೀಗು ಎಂದು ಆರಂಭವಾಗುವುದು, ಯಾರು ನಡೆಸುವರು, ಯಾರ ಹಣದಿಂದ ನಡೆಯುವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಒಬ್ಬ ಅಧಿಕಾರಿಯೂ ನಮಗೆ ಈವರೆಗೆ ದೊರೆತಿಲ್ಲ. ಕಂಠೀರವ ಕ್ರೀಡಾಂಗಣದಲ್ಲಿ ನಾವು ಕೊನೆಯ ಲೀಗ್ ಪಂದ್ಯವನ್ನು ಕಂಡದ್ದು ಇದೇ ವರ್ಷದ ಏಪ್ರಿಲ್ 2ರಂದು, ಗೋವಾ ತಂಡವನ್ನು ನಮ್ಮವರು ಎರಡು ಗೋಲುಗಳಿಂದ ಸೋಲಿಸಿದ ಸೆಮಿಫೈನಲಿನಲ್ಲಿ. ಹತ್ತು ದಿನಗಳ ಬಳಿಕ ಕೋಲ್ಕತ್ತದ ಫೈನಲಿನಲ್ಲಿ ಮೋಹನ್ ಬಾಗಾನ್ ತಂಡಕ್ಕೆ ಹೆಚ್ಚುವರಿ ಸಮಯದಲ್ಲಿ ಸೋತು ಬಂದ ನಮ್ಮ ತಂಡಕ್ಕೆ, ಆ ಸೋಲನ್ನು ಲೀಗಿನಲ್ಲಿ ತೀರಿಸಿಕೊಳ್ಳುವ ಅವಕಾಶವಿಲ್ಲದೆಯೇ ಎಂಟು ತಿಂಗಳುಗಳು ಕಳೆದಿವೆ.

ಆಗಸ್ಟಿನಲ್ಲಿ ಒಮ್ಮೆ, ದಸರೆಯ ನಂತರ ಮತ್ತೊಮ್ಮೆ, ಸಂಬಂಧಪಟ್ಟ ಕಚೇರಿಗಳಿಗೆ ನಾವು ವಿನಯಪೂರ್ವಕವಾಗಿಯೇ ಬರೆದುಕೊಂಡೆವು. ಒಂದಕ್ಕೆ ಸ್ವೀಕೃತಿಯ ಚೀಟಿ ಬಂದಿತು; ಇನ್ನೊಂದಕ್ಕೆ ಅದೂ ಬರಲಿಲ್ಲ. ಆದುದರಿಂದ ಈಗ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನಲ್ಲಿ ಮತಾಧಿಕಾರವುಳ್ಳ ಸದಸ್ಯ ಸಂಸ್ಥೆಯಾದ ತಮ್ಮ ಬಳಿಗೆ ಬಂದಿದ್ದೇವೆ. ತಮ್ಮ ಅಧ್ಯಕ್ಷರೇ ಫೆಡರೇಷನ್ನಿನ ಉಪಾಧ್ಯಕ್ಷರೂ ಆಗಿರುವುದರಿಂದ, ಈ ಕಾಗದವನ್ನು ದೆಹಲಿಗೆ ಮುಟ್ಟಿಸುವ ದಾರಿ ಇಲ್ಲವೆಂಬ ಉತ್ತರವನ್ನು ನಾವು ನಿರೀಕ್ಷಿಸುವುದಿಲ್ಲ.

ಮುಖ್ಯ ವಿಷಯಕ್ಕೆ ಸಂಬಂಧಿಸಿದ ಕಾಗದಗಳನ್ನು ಕ್ರಮವಾಗಿ ಲಗತ್ತಿಸಿದೆ. ಮೊದಲನೆಯದು, ಫೆಡರೇಷನ್ನು 2010ರ ಡಿಸೆಂಬರಿನಲ್ಲಿ ಐಎಂಜಿ–ರಿಲಯನ್ಸ್ ಸಂಸ್ಥೆಯೊಡನೆ ಹದಿನೈದು ವರ್ಷಗಳಿಗೆ 700 ಕೋಟಿ ರೂಪಾಯಿಗಳಂತೆ ಮಾಡಿಕೊಂಡ ಒಪ್ಪಂದದ ಪತ್ರಿಕಾವರದಿ. ಒಪ್ಪಂದವು ಯಾವ ದಿನ ಮುಗಿಯುವುದೆಂಬುದು ರುಜುವಾದ ದಿನವೇ ಗೊತ್ತಿದ್ದ ಸಂಗತಿ. ಹದಿನೈದು ವರ್ಷಗಳ ಮುನ್ನೆಚ್ಚರಿಕೆಯಿದ್ದೂ ಕೊನೆಯ ದಿನದವರೆಗೆ ಮುಂದಿನ ವ್ಯವಸ್ಥೆಯಾಗದೆ ಹೋದುದಕ್ಕೆ ಹೊಣೆ ಯಾರದೆಂಬುದೇ ನಮ್ಮ ಪ್ರಥಮ ಪ್ರಶ್ನೆ. ಎರಡನೆಯದು, ಫೆಡರೇಷನ್ನಿನ ಸಂವಿಧಾನವನ್ನು ಕುರಿತ ಪ್ರಕರಣದ ವರದಿಗಳು: ತೀರ್ಪು ಬರುವವರೆಗೆ ಹೊಸ ಒಪ್ಪಂದ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು ನಿಜವಾದರೂ, ಆ ತೀರ್ಪು ಸೆಪ್ಟೆಂಬರ್ 19ರಂದು ಹೊರಬಿದ್ದುದೂ ಅಷ್ಟೇ ನಿಜ. ಮೂರನೆಯದು, ಲೀಗನ್ನು ನಡೆಸುತ್ತಿದ್ದ ಫುಟ್‌ಬಾಲ್ ಸ್ಪೋರ್ಟ್ಸ್ ಡೆವಲಪ್‌ಮೆಂಟ್ ಲಿಮಿಟೆಡ್ ಜುಲೈ 11ರಂದು ಈ ಸಾಲಿನ ಲೀಗನ್ನು ತಡೆಹಿಡಿದುದರ ವರದಿ. ನಾಲ್ಕನೆಯದು, ಆಗಸ್ಟ್ 4ರಂದು ನಮ್ಮ ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಿರುವುದಾಗಿ ಹೊರಡಿಸಿದ ಪ್ರಕಟಣೆ. ಐದನೆಯದು, ಮುಚ್ಚಿಹೋಗುವ ಭಯವನ್ನು ತೋಡಿಕೊಂಡು ಹನ್ನೊಂದು ಕ್ಲಬ್ಬುಗಳು ಅದೇ ತಿಂಗಳು ಫೆಡರೇಷನ್ನಿಗೆ ಬರೆದ ಪತ್ರದ ವರದಿ. ಆರನೆಯದು, ವರ್ಷಕ್ಕೆ ಕನಿಷ್ಠ 37.5 ಕೋಟಿ ರೂಪಾಯಿ ಅಥವಾ ಆದಾಯದ ಶೇಕಡ 5, ಎರಡರಲ್ಲಿ ಹೆಚ್ಚಾದುದನ್ನು ಕೊಡಬೇಕೆಂದು ಲೀಗಿನ ಹಕ್ಕುಗಳಿಗಾಗಿ ಫೆಡರೇಷನ್ನು ಕರೆದ ಟೆಂಡರಿಗೆ ನವೆಂಬರಿನಲ್ಲಿ ಒಬ್ಬರೂ ಮುಂದೆ ಬಾರದೆ ಹೋದುದರ ವರದಿ. ಏಳನೆಯದು, ಆ ಬಳಿಕ ಲೀಗಿನ ಆಟಗಾರರು ಒಂದೇ ದನಿಯಲ್ಲಿ, ಆಡುವುದಕ್ಕೆ ಅವಕಾಶ ಕೊಡಿರೆಂದು ಬಹಿರಂಗವಾಗಿ ಬೇಡಿಕೊಂಡ ಹೇಳಿಕೆ. ಭಾರತದ ಪರವಾಗಿ ಆಡಿದವರು ಆಡುವುದಕ್ಕಾಗಿ ಹೀಗೆ ಬೇಡಬೇಕಾಗಿ ಬಂದುದನ್ನು ಓದಿದ ದಿನ ನಮ್ಮೊಳಗೆ ಉಂಟಾದ ವ್ಯಥೆಯನ್ನು ಈ ಪತ್ರದ ಮರ್ಯಾದೆಯ ಭಾಷೆಯಲ್ಲಿ ಹೇಳಲು ನಮಗೆ ಶಕ್ತಿಯಿಲ್ಲ.

ಎರಡು ತಿಂಗಳ ವೇತನ ಬಾಕಿಯುಳಿದರೆ ಆಟಗಾರನಿಗೆ ಒದಗುವ ಹಕ್ಕುಗಳೇನೆಂಬುದನ್ನು ಫಿಫಾ ನಿಯಮಾವಳಿಯ 14 ಬಿಸ್ ವಿಧಿಯು ಹೇಳುವುದು ತಮಗೆ ತಿಳಿದೇ ಇದೆ. ಕ್ಲಬ್ ಪರವಾನಗಿಯ ನಿಯಮಗಳಲ್ಲಿ ಬಾಕಿ ವೇತನದ ಬಗೆಗೆ ಇರುವ ಷರತ್ತುಗಳೂ ತಮಗೆ ಹೊಸತಲ್ಲ. ಆದರೆ ಹದಿನೈದು ದಿನಗಳ ನೋಟೀಸು ಕೊಟ್ಟು ಕರಾರನ್ನು ಮುರಿದು ಹೊರಬಂದ ಆಟಗಾರನು, ಆಡುವುದಕ್ಕೆ ಲೀಗೇ ಇಲ್ಲದ ದೇಶದಲ್ಲಿ ಎಲ್ಲಿಗೆ ಹೋಗಬೇಕು? ಇಲ್ಲಿ ಹಕ್ಕು ಕಾಗದದಲ್ಲಿ ಮಾತ್ರ ಉಳಿಯುವುದು. ಹೆಸರಾಂತ ಆಟಗಾರರ ಪಕ್ಷ ವಹಿಸಿ ಮಾತನಾಡುವವರು ಬಹು ಮಂದಿ ಇದ್ದಾರೆ. ಬೂಟುಗಳನ್ನು ಒರೆಸಿಡುವವನು, ಉಡುಪು ಒಗೆಯುವವನು, ಗಾಯಕ್ಕೆ ಪಟ್ಟಿ ಕಟ್ಟುವವನು, ಇವರ ಮನೆಯ ಬಾಡಿಗೆಯ ವಿಚಾರವನ್ನು ಎತ್ತಿದವರನ್ನು ನಾವು ಕಾಣೆವು. ಕಿರಿಯರ ತಂಡಗಳಿಗೂ ತರಬೇತಿ ಶಾಲೆಗಳಿಗೂ ತೊಂದರೆಯಾಗದೆಂದು ಕ್ಲಬ್ಬು ಆಗಸ್ಟ್ 4ರ ಪ್ರಕಟಣೆಯಲ್ಲಿ ಹೇಳಿದುದನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಅಂದು ನಿಂತ ಸಂಬಳದಲ್ಲಿ ಎಷ್ಟು ಸಂದಿತು, ಎಷ್ಟು ಉಳಿಯಿತು ಎಂಬುದನ್ನು ಬಹಿರಂಗಪಡಿಸುವಂತೆ ತಾವು ಕೇಳಬೇಕೆಂಬುದು ನಮ್ಮ ಕೋರಿಕೆ.

ಕ್ಲಬ್ಬಿನ ಮಾಲೀಕರ ವಿಷಯದಲ್ಲಿ ನಮ್ಮೊಳಗೆಯೇ ಏಕಾಭಿಪ್ರಾಯವಿಲ್ಲವೆಂಬುದನ್ನು ಮರೆಮಾಚುವುದಿಲ್ಲ. ಜೆಎಸ್‌ಡಬ್ಲ್ಯು ಸಂಸ್ಥೆಯು ಹಣ ಸುರಿಯದಿದ್ದರೆ ಮೊದಲ ವರ್ಷದಲ್ಲಿಯೇ ಐ-ಲೀಗ್ ಗೆಲುವು, 2016ರಲ್ಲಿ ದೋಹಾದವರೆಗೆ ಹೋದ ಎಎಫ್‌ಸಿ ಕಪ್ ಪಂದ್ಯಯಾತ್ರೆ, 2019ರ ಸೂಪರ್ ಲೀಗ್ ಕಿರೀಟ, 2022ರ ಡುರಾಂಡ್ ಕಪ್ ಇವಾವುವೂ ನಮ್ಮವಾಗುತ್ತಿರಲಿಲ್ಲವೆಂದೂ, ಪಂದ್ಯಗಳೇ ಇಲ್ಲದಾಗ ಯಾವ ಮಾಲೀಕನೂ ಎಷ್ಟು ಕಾಲ ಸಂಬಳ ಕೊಟ್ಟಾನೆಂದೂ ಕೆಲವರ ವಾದ. ದೊಡ್ಡ ಉದ್ಯಮವೊಂದಕ್ಕೆ ಕೆಲವು ತಿಂಗಳ ಸಂಬಳ ಭಾರವಾಗಲಾರದು, ಸಂಬಳ ನಿಲ್ಲಿಸುವುದೇ ಫೆಡರೇಷನ್ನಿನ ಮೇಲೆ ಒತ್ತಡ ತರುವ ಸಾಧನವಾಯಿತು ಎಂದು ಇತರರ ಮಾತು. ನಲವತ್ತೊಂದರ ಸುನಿಲ್ ಛೆಟ್ರಿಯವರ ಮೇಲೆಯೇ ಇನ್ನೂ ಗೋಲಿನ ಭಾರವನ್ನು ಹೊರಿಸಿರುವುದು ಕ್ಲಬ್ಬಿನ ದೂರದೃಷ್ಟಿಯ ಅಭಾವವೆಂದು ನಮ್ಮ ತರುಣರು ಹೇಳಿದರೆ, ಕಳೆದ ಸಾಲಿನ ಲೀಗಿನಲ್ಲಿ 14 ಗೋಲು ಹೊಡೆದವನನ್ನು ಬಿಟ್ಟು ಯಾರನ್ನು ಆಡಿಸಬೇಕಾಗಿತ್ತೆಂದು ಹಿರಿಯರು ಕೇಳುತ್ತಾರೆ. ಹಲಸೂರು ಮಾರುಕಟ್ಟೆಯ ಚಹಾ ಅಂಗಡಿಗಳಲ್ಲಿ ಈ ಚರ್ಚೆ ನಿತ್ಯವೂ ನಡೆಯುತ್ತದೆ, ನಡೆಯಲೂ ಬೇಕು. ಆದರೆ ಎರಡೂ ಪಕ್ಷದವರು ಒಪ್ಪಿ ರುಜು ಹಾಕಿರುವ ಮಾತೊಂದುಂಟು: ಫೆಡರೇಷನ್ನಿನ ಮತ್ತು ಲೀಗಿನ ವ್ಯವಸ್ಥಾಪಕರ ನಡುವಣ ಒಪ್ಪಂದದಲ್ಲಿ ಆಟಗಾರನೂ ಪಕ್ಷಗಾರನಲ್ಲ, ಅಭಿಮಾನಿಯೂ ಅಲ್ಲ; ಆದರೆ ಅದು ಮುರಿದಾಗ ದಂಡ ತೆರುವವರು ಇವರಿಬ್ಬರೇ.

ಈ ಸಂದರ್ಭದಲ್ಲಿ ನಮ್ಮನ್ನು ನಿದ್ರೆಗೆಡಿಸುವ ಭಯವೊಂದನ್ನು ಅರುಹಬೇಕಾಗಿದೆ. ಮಹೀಂದ್ರ ಯುನೈಟೆಡ್ 2010ರಲ್ಲಿಯೂ, ಫಗ್ವಾಡಾದ ಜೆಸಿಟಿ 2011ರಲ್ಲಿಯೂ ಬಾಗಿಲು ಮುಚ್ಚಿದವು. ಡೆಲ್ಲಿ ಡೈನಮೋಸ್ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆಯ ಕ್ಲಬ್ಬು ಹೋಗಿ ಆ ಸ್ಥಾನಕ್ಕೆ ಹೈದರಾಬಾದ್ ಎಫ್‌ಸಿ ಬಂದಿತು. 2022ರಲ್ಲಿ ಲೀಗನ್ನೇ ಗೆದ್ದ ಆ ಹೈದರಾಬಾದ್ ತಂಡವೂ ಈ ವರ್ಷ ದೆಹಲಿಗೆ ಸ್ಥಳಾಂತರಗೊಂಡು ಹೆಸರು ಬದಲಿಸಿತು. ಆಯಾ ಊರಿನ ಜನರನ್ನು ಯಾರಾದರೂ ಕೇಳಿದರೇ? ಜರ್ಮನಿಯಲ್ಲಿ ಕ್ಲಬ್ಬಿನ ಬಹುಮತವು ಅದರ ಸದಸ್ಯರ ಕೈಯಲ್ಲಿಯೇ ಉಳಿಯಬೇಕೆಂಬ ನಿಯಮವುಂಟು. ಅಷ್ಟನ್ನು ನಾವು ಇಂದು ಬೇಡುತ್ತಿಲ್ಲ. ಬೆಂಗಳೂರಿನ ಕ್ಲಬ್ಬನ್ನು ಮಾರುವ, ಸ್ಥಳಾಂತರಿಸುವ ಅಥವಾ ವಿಸರ್ಜಿಸುವ ಮುನ್ನ ಅಭಿಮಾನಿಗಳ ಅಹವಾಲನ್ನು ಬಹಿರಂಗವಾಗಿ ಕೇಳತಕ್ಕದ್ದೆಂದು ತಾವು ನಿರ್ಣಯ ಮಾಡಿ ಫೆಡರೇಷನ್ನಿಗೆ ಕಳುಹಿಸಬೇಕು. ಕಂಪನಿ ರಿಜಿಸ್ಟ್ರಾರರ ಬಳಿ ಶುಲ್ಕ ಕಟ್ಟಿದರೆ ಸಿಗುವ ವಾರ್ಷಿಕ ಲೆಕ್ಕದ ಸಾರಾಂಶವನ್ನು, ಸಂಬಳಕ್ಕೆಷ್ಟು, ಟಿಕೆಟಿನಿಂದೆಷ್ಟು ಎಂಬ ವಿವರದೊಡನೆ, ಕ್ಲಬ್ಬು ತಾನಾಗಿಯೇ ಕನ್ನಡದಲ್ಲಿ ಪ್ರಕಟಿಸುವಂತೆ ಮಾಡಬೇಕು. ಫೆಡರೇಷನ್ನಿನ ಹೊಸ ಸಂವಿಧಾನದಲ್ಲಿ ಮಾಜಿ ಆಟಗಾರರಿಗೆ ಮತ ದೊರೆತಿರುವುದು ಸಂತೋಷ. ನೋಡುವವರಿಗೆ ಒಂದು ಕುರ್ಚಿಯೂ ಇಲ್ಲದಿರುವುದು ನ್ಯಾಯವಲ್ಲ.

ಹಲಸೂರಿನವರಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನೆಂದು ಯಾರೂ ಕೇಳಲಾರರು. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದುದು ಈ ದಂಡಿನ ಪ್ರದೇಶದ ಕೀರ್ತಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಆ ಒಲಿಂಪಿಕ್ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು ಮುಂದೆ ಈಸ್ಟ್ ಬೆಂಗಾಲಿನ ಪಂಚಪಾಂಡವರಲ್ಲಿ ಒಬ್ಬರೆನಿಸಿದರು. ಗೌತಮಪುರದಲ್ಲಿ ಅಂಬೇಡ್ಕರರ ಪ್ರತಿಮೆಯಿರುವಂತೆ ಪೆಲೆಯವರ ಪ್ರತಿಮೆಯೂ ಇದೆ. ಐವತ್ತನಾಲ್ಕು ವರ್ಷಗಳ ತರುವಾಯ 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ತಂದ ತಮ್ಮ ತಂಡವನ್ನು ನಾವು ಅಭಿನಂದಿಸಿದವರೇ.

ಆದುದರಿಂದ ತಾವು ಫೆಡರೇಷನ್ನಿನ ಮುಂದಿನ ಸಭೆಯಲ್ಲಿ, ಲೀಗು ಆರಂಭವಾಗುವ ದಿನಾಂಕವನ್ನು ಲಿಖಿತವಾಗಿ ಘೋಷಿಸಬೇಕೆಂದೂ, ವ್ಯವಸ್ಥಾಪಕರು ಯಾರೇ ಆಗಲಿ, ಎಲ್ಲ ಆಟಗಾರರ ಹಾಗೂ ಸಿಬ್ಬಂದಿಯ ಮೂರು ತಿಂಗಳ ವೇತನಕ್ಕೆ ಸಮನಾದ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಮುಂಗಡವಾಗಿ ಇರಿಸತಕ್ಕದ್ದೆಂಬ ಷರತ್ತನ್ನು ಮುಂದಿನ ಒಪ್ಪಂದದಲ್ಲಿಯೇ ಸೇರಿಸಬೇಕೆಂದೂ ಒತ್ತಾಯಿಸಬೇಕು. ಇದು ನಮ್ಮ ಪ್ರಧಾನ ಕೋರಿಕೆ.

ಇವಲ್ಲದೆ ಕೆಲವು ಸಣ್ಣ ವಿಷಯಗಳುಂಟು. ಪಂದ್ಯದ ರಾತ್ರಿಗಳಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣದಿಂದ ಹಲಸೂರಿನ ಕಡೆಗೆ ತಡವಾಗಿ ಮೆಟ್ರೊ ಓಡಿಸುವಂತೆ ತಾವೂ ಒಂದು ಮಾತು ಬರೆಯಬೇಕು. ಗ್ಯಾಲರಿಗಳಲ್ಲಿ ಕುಡಿಯುವ ನೀರಿನ ನಲ್ಲಿಗಳು ಹೆಚ್ಚಬೇಕು. ಹೆಂಗಸರ ಶೌಚಾಲಯಗಳಲ್ಲಿ ದೀಪವಿರಬೇಕು. ಬಹುಕಾಲ ನಿಂತುಹೋಗಿದ್ದು 2024ರಲ್ಲಿ ತಾವು ಪುನಃ ಆರಂಭಿಸಿದ ಸ್ಟಾಫರ್ಡ್ ಕಪ್ ಮತ್ತೆ ನಿಲ್ಲದಂತೆ ನೋಡಿಕೊಳ್ಳಬೇಕು. ಜಿಲ್ಲಾ ಲೀಗಿನ ವೇಳಾಪಟ್ಟಿಯನ್ನು ಕನ್ನಡದಲ್ಲಿಯೂ ತಮಿಳು, ಉರ್ದುಗಳಲ್ಲಿಯೂ ಗೋಡೆಗೆ ಅಂಟಿಸಿದರೆ ನಮ್ಮ ಕೇರಿಗಳ ಮುದುಕರಿಗೆ ಉಪಕಾರವಾದೀತು.

ಇನ್ನು, ನಮ್ಮ ಪೈಕಿ ಸಾರ್ವಜನಿಕ ಕಾರ್ಖಾನೆಗಳ ತಂಡಗಳಿಗೆ ಹಿಂದೆ ಆಡಿ ನಿವೃತ್ತರಾದ ಇಬ್ಬರು ಹಿರಿಯರು ಗೌತಮಪುರದ ಹುಡುಗರಿಗೆ ಬೆಳಗಿನ ಹೊತ್ತು ಉಚಿತವಾಗಿ ಕಲಿಸುತ್ತಿರುವರಾಗಿ, ಅವರಿಗೆ ತರಬೇತುದಾರರ ಪರವಾನಗಿ ಶಿಬಿರದ ಶುಲ್ಕವನ್ನು ಮನ್ನಿಸಬೇಕು. ವಾರಕ್ಕೆರಡು ದಿನ ಬೆಳಗ್ಗೆ ಆರರಿಂದ ಎಂಟರವರೆಗೆ ಅಶೋಕನಗರದ ತಮ್ಮ ಮೈದಾನವನ್ನು ಆ ಹುಡುಗರಿಗೆ ಬಿಟ್ಟುಕೊಡಬೇಕು. ನಮ್ಮೊಡನೆ ರುಜು ಹಾಕಿರುವ ಚಹಾ ಮತ್ತು ಬೇಯಿಸಿದ ಕಡಲೆಕಾಯಿ ಮಾರುವ ಸದಸ್ಯರೊಬ್ಬರು, ಪಂದ್ಯಗಳಿಲ್ಲದೆ ಈ ವರ್ಷ ಸಂಪಾದನೆಯನ್ನು ಕಳೆದುಕೊಂಡಿರುವುದರಿಂದ, ತಮ್ಮ ಕ್ರೀಡಾಂಗಣದ ಹೆಬ್ಬಾಗಿಲ ಬಳಿ ಗಾಡಿ ನಿಲ್ಲಿಸಲು ಅವರಿಗೆ ಒಪ್ಪಿಗೆ ಕೊಡಬೇಕು. ಜಿಲ್ಲಾ ಲೀಗಿನ ತಂಡಗಳ ಉಡುಪು ಹೊಲಿಸುವಾಗ ಮರ್ಫಿ ಟೌನಿನ ನಮ್ಮ ದರ್ಜಿಯವರ ದರವನ್ನೂ ಒಮ್ಮೆ ವಿಚಾರಿಸಬಹುದೆಂದು ಸೂಚಿಸುತ್ತೇವೆ.

ಈ ಮನವಿಗೆ ಸಂಕ್ರಾಂತಿಯೊಳಗಾಗಿ ಲಿಖಿತ ಉತ್ತರವನ್ನು ದಯಪಾಲಿಸಬೇಕೆಂದು ಪ್ರಾರ್ಥಿಸುತ್ತೇವೆ. ಉತ್ತರ ಬಾರದ ಪಕ್ಷದಲ್ಲಿ, ಇದರ ಪ್ರತಿಯನ್ನು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೂ ಪತ್ರಿಕೆಗಳಿಗೂ ಸಲ್ಲಿಸಿ, ತಮ್ಮ ಕಚೇರಿಯ ಮುಂದೆ ಶಾಂತಿಯುತವಾಗಿ ಕುಳಿತುಕೊಳ್ಳುವೆವೆಂಬುದನ್ನು ಈಗಲೇ ತಿಳಿಸುವುದು ನಮ್ಮ ಕರ್ತವ್ಯ. ಏಳು ಲಗತ್ತುಗಳೊಡನೆ ಎರಡು ಪ್ರತಿಗಳನ್ನು ತಂದಿದ್ದೇವೆ; ಎರಡನೆಯದರ ಮೇಲೆ ಸ್ವೀಕೃತಿಯ ಮೊಹರನ್ನು ದಿನಾಂಕಸಹಿತ ಹಾಕಿಸಿಕೊಡಬೇಕಾಗಿ ವಿನಂತಿ.

ಇಂತು ತಮ್ಮ ವಿಶ್ವಾಸಿಗಳು,
ಹಲಸೂರು, ಗೌತಮಪುರ, ಮರ್ಫಿ ಟೌನ್ ಮತ್ತು ಜೋಗುಪಾಳ್ಯದ ಫುಟ್‌ಬಾಲ್ ಅಭಿಮಾನಿಗಳು
(ರುಜುಗಳು ಮುಂದಿನ ಹಾಳೆಗಳಲ್ಲಿ)