ಸಮವೋ ಬೆಸವೋ, ಮೊದಲು ನೋಡ್ರಪ್ಪಾ!

ನಮ್ಮ ಬಿಕ್ಕೋಡಿನ ಕಡೆಯಿಂದ ಎಂಜಿನಿಯರಿಂಗ್ ಸೇರುವ ಹುಡುಗರಿಗೆ ಫೊರಿಯರ್ ಟ್ರಾನ್ಸ್‌ಫಾರ್ಮ್ ಅಂದ್ರೆ ಚಳಿಜ್ವರ. ಅದೊಂದು ಪಾಠ ಬಿಟ್ಟೇ ಪರೀಕ್ಷೆಗೆ ಹೋಗುವವರಿದ್ದಾರೆ. ನನ್ನ ಪ್ರಕಾರ ತಪ್ಪು ಹುಡುಗರದ್ದಲ್ಲ, ಹೇಳಿಕೊಡುವ ಕ್ರಮದ್ದು. ಸಿಮ್ಮೆಟ್ರಿಯನ್ನು ಕೊನೆಗೆಲ್ಲೋ 'ಶಾರ್ಟ್‌ಕಟ್' ಅಂತ ತೋರಿಸ್ತಾರೆ. ಮೊದಲ ದಿನವೇ ಹೇಳಬೇಕಾದದ್ದು ಅದು!

ವಿಷಯ ಇಷ್ಟೇ. ಎಕ್ಸ್ ಬದಲು ಮೈನಸ್ ಎಕ್ಸ್ ಹಾಕಿದರೂ ಬೆಲೆ ಅದೇ ಇದ್ದರೆ ಫಂಕ್ಷನ್ ಸಮ, ಚಿಹ್ನೆ ಮಾತ್ರ ತಿರುಗಿದರೆ ಬೆಸ. ಟ್ರಾನ್ಸ್‌ಫಾರ್ಮಿನೊಳಗೆ ಹೆದರಿಸುತ್ತಾ ಕೂತಿರುವ ಇ-ಪವರ್-ಐಎಸ್‌ಎಕ್ಸ್ ಬಿಡಿಸಿದರೆ ಒಂದು ಕಾಸ್, ಐ ಅಂಟಿಸಿಕೊಂಡ ಒಂದು ಸೈನ್. ಕಾಸ್ ಸಮ, ಸೈನ್ ಬೆಸ. ಫಂಕ್ಷನ್ ಸಮವಾಗಿದ್ದರೆ ಸೈನ್ ಭಾಗದಲ್ಲಿ ಎಡಕ್ಕೆ ಬಲ ಹೊಡೆದುಹೋಗಿ ಸೊನ್ನೆ. ಕಾಸ್ ಭಾಗವನ್ನು ಸೊನ್ನೆಯಿಂದ ಬಲಕ್ಕೆ ಮಾತ್ರ ಇಂಟಿಗ್ರೇಟ್ ಮಾಡಿ ಎರಡರಿಂದ ಗುಣಿಸಿದರಾಯ್ತು. ಬೆಸವಾಗಿದ್ದರೆ ಉಳಿಯೋದು ಸೈನ್. (ಬೇಲೂರಿನ ಗುಡಿಯ ತಳಪಾಯದ ನಕ್ಷೆ ಬರೆಯುವವರು ನಡುಗೆರೆಯ ಒಂದು ಪಕ್ಕ ಅಳೆದರೆ ಇನ್ನೊಂದು ಪಕ್ಕ ಹೆಚ್ಚುಕಡಿಮೆ ಸಿಕ್ಕಿಬಿಡುತ್ತೆ. ಶಿಲ್ಪಗಳ ಮಾತು ಬೇರೆ ಬಿಡಿ :))

ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಲೆಕ್ಕ ತಗೊಳ್ಳಿ. −1ರಿಂದ 1ರವರೆಗೆ 1−ಎಕ್ಸ್², ಆಚೆ ಸೊನ್ನೆ. ಸಿಮ್ಮೆಟ್ರಿ ನೋಡದವನು ಐ ಹೊತ್ತುಕೊಂಡು ಎರಡು ಲಿಮಿಟ್ ಹಾಕಿ, ಎಲ್ಲೋ ಒಂದು ಮೈನಸ್ ಕಳೆದುಕೊಳ್ತಾನೆ. ನೋಡಿದವನಿಗೆ ಲಿಮಿಟ್ 0ಯಿಂದ 1. ಸೊನ್ನೆ ಹಾಕಿದಾಗ ಮೂರು ಪದವೂ ಮಾಯ! ಉತ್ತರ 4(ಸೈನ್ ಎಸ್ − ಎಸ್ ಕಾಸ್ ಎಸ್)/ಎಸ್³.

ಇನ್‌ವರ್ಸಿಗೂ ಅದೇ ಮದ್ದು. ಈ ಉತ್ತರವೂ ಸಮ, ಹಾಗಾಗಿ ಹಿಂದಿರುಗುವಾಗಲೂ ಕಾಸ್ ಸಾಕು. ಎಕ್ಸ್ ಜಾಗದಲ್ಲಿ ಅರ್ಧ ಹಾಕಿ. ಎಡಗಡೆ 3/4. ಬಲಗಡೆ, 4/ಪೈ ಗುಣಿಸು (ಸೈನ್ ಎಸ್ − ಎಸ್ ಕಾಸ್ ಎಸ್)/ಎಸ್³ ಗುಣಿಸು ಕಾಸ್(ಎಸ್/2)ನ ಸೊನ್ನೆಯಿಂದ ಅನಂತದವರೆಗಿನ ಇಂಟಿಗ್ರಲ್. ಅಂದರೆ ಆ ಭಯಂಕರ ಇಂಟಿಗ್ರಲ್ಲಿನ ಬೆಲೆ 3ಪೈ/16. ನೇರವಾಗಿ ಮಾಡೋಕೆ ಹೋಗಿ, ಬೆವರು ಬರುತ್ತೆ.

'ಸ್ಟೆಪ್ ಹಾರಿಸಿದ್ರೆ ಮಾರ್ಕ್ಸ್ ಹೋಗುತ್ತೆ' ಅಂತ ವಾದ ಮಾಡ್ತಾರೆ. ಹಾರಿಸೋದು ಎಲ್ಲಿ ಬಂತು? 'ಫಂಕ್ಷನ್ ಸಮ, ಆದ್ದರಿಂದ ಸೈನ್ ಭಾಗ ಸೊನ್ನೆ' ಅಂತ ಒಂದು ಸಾಲು ಬರೆದರೆ ಅದೇ ಸ್ಟೆಪ್ಪು. ಕನ್ನಡ ಮೀಡಿಯಮ್ಮಿನಿಂದ ಬಂದ ಹುಡುಗನಿಗೆ ಸಮ-ಬೆಸ ಪ್ರೈಮರಿಯಿಂದಲೇ ಗೊತ್ತು. 'ಈವನ್, ಆಡ್' ಅಂತ ಇಂಗ್ಲಿಷಿನಲ್ಲಿ ಓಡಿಸುವ ಬದಲು ಅಲ್ಲಿಂದಲೇ ಶುರು ಮಾಡಲು ಯಾರ ಅಪ್ಪಣೆ ಬೇಕು?

ಹಾಂ, ಸಮವೂ ಅಲ್ಲದ ಬೆಸವೂ ಅಲ್ಲದ ಫಂಕ್ಷನ್ನುಗಳೂ ಇವೆ. ಅವನ್ನು ಸಮ-ಬೆಸ ಎರಡು ತುಂಡು ಮಾಡಬಹುದು, ಇಲ್ಲಾಂದ್ರೆ ತೋಳು ಮಡಚಿ ಉದ್ದಕ್ಕೆ ಲೆಕ್ಕ ಮಾಡೋದೇ.